ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು

ಬೆಳಗೊಳದ ಬೀರಮ್ಮನಿಗೆ ಓದು ಬರಹ ಬರುವುದಿಲ್ಲ ಎಂದು ಯಾರಾದರೂ ಮರುಗಿದರೆ, ಅವರು ಬೀರಮ್ಮನ ಜೊತೆ ಅರ್ಧ ದಿನವೂ ಕಳೆದಿಲ್ಲ ಎಂದೇ ತಿಳಿಯಬೇಕು. ಒಂದು ಕೋರ್ಟಿಗೆ ಸಾಕಾಗುವಷ್ಟು ಕಾನೂನು ಅವಳ ನಾಲಿಗೆಯ ತುದಿಯಲ್ಲಿತ್ತು. ಹೊಸಲಿನ ಮೇಲೆ ಕೂರಬಾರದು, ಒಂಟಿ ಸೀನಿಗೆ ಹೊರಡಬಾರದು, ಮಂಗಳವಾರ ಮಗಳನ್ನು ತವರಿನಿಂದ ಕಳಿಸಬಾರದು. ಇವೆಲ್ಲ ಚಿಲ್ಲರೆ ಕಾನೂನುಗಳು. ದೊಡ್ಡ ಕಾನೂನು ಒಂದೇ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಗುಡಿಸಿದರೆ ಲಕ್ಷ್ಮಿಯೂ ಕಸದ ಜೊತೆಗೇ ಆಚೆ ಹೋಗುತ್ತಾಳೆ. ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು, ಉಗುರು ತೆಗೆಯಬಾರದು, ಉಪ್ಪು, ಹೆಪ್ಪು, ಸೂಜಿ ಯಾವುದನ್ನೂ ಹೊಸಲು ದಾಟಿಸಬಾರದು.

ಒಂದು ಸಲ ಪಕ್ಕದ ಬೀದಿಯ ಮೇಷ್ಟ್ರ ಹೆಂಡತಿ ಇಂದಿರ, ಬೀಗರು ಬಂದು ಕೂತಿದ್ದಾರೆ, ಒಂದು ಚಮಚ ಹೆಪ್ಪು ಕೊಡಿ ಎಂದು ಮುಸ್ಸಂಜೆಯಲ್ಲಿ ಲೋಟ ಹಿಡಿದು ಬಂದಳು. ಬೀರಮ್ಮ ಅವಳನ್ನು ಕೂರಿಸಿ, ಕಾಫಿ ಕೊಟ್ಟು, ಹೂ ಮುಡಿಸಿ, ಬೀಗರ ಯೋಗಕ್ಷೇಮವನ್ನೆಲ್ಲ ವಿಚಾರಿಸಿ, ಖಾಲಿ ಲೋಟದ ಜೊತೆ ವಾಪಸ್ಸು ಕಳಿಸಿದಳು. ಬೀಗರು ಮಾರನೆಯ ದಿನ ಮೊಸರಿಲ್ಲದ ಊಟ ಮಾಡಿ, ಮುಖ ಗಂಟಿಕ್ಕಿಕೊಂಡು ಹೋದರು.

ಇಂಥವಳನ್ನು ಊರು ಸಹಿಸಿಕೊಂಡದ್ದು ಅವಳ ಕೈಗುಣಕ್ಕೆ. ಬೆಳಗೊಳದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯಲು ಬೀರಮ್ಮನೇ ಬರಬೇಕು. ಅವಳು ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಹರಳೆಣ್ಣೆ ತಿಕ್ಕಿ ನೀರೆರೆದರೆ ಎಂಥ ಹಟಮಾರಿಯಾದರೂ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಸೂತಕ ಕಳೆದ ದಿನ ಕೂಸನ್ನು ಅಂಗಳಕ್ಕೆ ತಂದು, ಕರಿಘಟ್ಟದ ಕಡೆಯಿಂದ ಬರುವ ಎಳೆಬಿಸಿಲಿಗೆ ಮುಖ ಹಿಡಿದು, "ನೋಡಪ್ಪಾ ಸೂರಪ್ಪ, ನಮ್ದೊಂದು ಕೂಸು ಬಂದೈತೆ, ಕಾಯ್ಕೊಂಡಿರು" ಎಂದು ತೋರಿಸುತ್ತಿದ್ದಳು. ಆಮೇಲೆಯೇ ಕಿವಿಯಲ್ಲಿ ಹೆಸರು. ಬಿಸಿಲು ಕಾಣದ ಕೂಸಿಗೆ ಹೆಸರಿಲ್ಲ, ಅದೂ ಒಂದು ಕಾನೂನು. ಒಂದು ಆಷಾಢದಲ್ಲಿ ಮೋಡ ಮುಚ್ಚಿಕೊಂಡು ಪಟೇಲರ ಮೊಮ್ಮಗನೇ ಒಂದು ವಾರ ಹೆಸರಿಲ್ಲದೆ ಬಿದ್ದಿದ್ದ.

ಈ ಬೀರಮ್ಮನ ಮಗಳು ಉಮ ಮೈಸೂರಿನಲ್ಲಿ ನರ್ಸಿಂಗ್ ಓದಿ, ನಾರ್ವೆ ದೇಶದ ಭಾಷೆಯನ್ನೂ ಕಲಿತು, ಅಲ್ಲಿನ ಬಡಗಣ ತುದಿಯ ಒಂದು ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ಗಂಡ ಕನಕರಾಜು ನಾಗಮಂಗಲದವನು. ಮೊದಲು ಟೆಂಪೋದಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದವನು ಈಗ ಹೆಂಡತಿಯ ಹಿಂದೆ ಹೋಗಿ ಮೀನಿನ ಗೋಡೌನಿನಲ್ಲಿ ಪೆಟ್ಟಿಗೆ ತುಂಬುತ್ತಿದ್ದ. ಉಮ ಬಸುರಿಯಾದಳು. ದಿನ ತುಂಬುವುದು ಡಿಸೆಂಬರಿನಲ್ಲಿ ಎಂದರು.

"ಊರ ಕೂಸ್ಗೆಲ್ಲಾ ನೀರೆರೆದೋಳು ನಾನು. ನನ್ ಮಗಳ ಬಾಣಂತನ ಇನ್ಯಾವೋಳ್ಗೊ ಬುಟ್ಟೇನಾ?" ಎಂದು ಬೀರಮ್ಮ ಹೊರಟಳು. ರಾಗಿಹಿಟ್ಟು, ಹರಳೆಣ್ಣೆ, ಬಾಣಂತಿ ಖಾರದ ಪುಡಿ, ಜೊತೆಗೆ ಹೊಸದೊಂದು ಪೊರಕೆ ಕಟ್ಟಿಕೊಂಡಳು. ಮಗ ಶಶಿ ಪೊರಕೆ ನೋಡಿ ನಕ್ಕರೆ, "ಅಲ್ಲಿ ಪೊರ್ಕೆ ಸಿಕ್ತದೊ ಇಲ್ವೊ ಯಾರ್ ಕಂಡವ್ರೆ, ಮುಚ್ಕೊಂಡ್ ಕಟ್ಲಾ" ಎಂದಳು.

ಚಳಿಗಾಲದಲ್ಲಿ ಆ ಊರಿಗೆ ಎರಡು ತಿಂಗಳ ಹತ್ತಿರ ಸೂರ್ಯನೇ ಬರುವುದಿಲ್ಲ ಎಂಬ ಸಂಗತಿಯನ್ನು ಉಮ ತಾಯಿಗೆ ಹೇಳಿರಲಿಲ್ಲ. ಹೇಳಿದರೆ ಬರುವುದಿಲ್ಲ ಎಂಬ ಭಯ. "ಒಸಿ ಚಳಿ ಜಾಸ್ತಿ ಅವ್ವ" ಎಂದಷ್ಟೇ ಹೇಳಿ ಮಿಕ್ಕದ್ದನ್ನು ಗಂಡನ ತಲೆಗೆ ಕಟ್ಟಿದ್ದಳು.

ಕಾರ್ತಿಕ ಮುಗಿಸಿಕೊಂಡು ಹೊರಟ ಬೀರಮ್ಮ ಆ ಊರಿನಲ್ಲಿ ವಿಮಾನ ಇಳಿದಾಗ ಮಧ್ಯಾಹ್ನ ಮೂರು ಗಂಟೆ, ಆಚೆ ಗವ್ವೆನ್ನುವ ಕತ್ತಲು. ಪ್ರಯಾಣದಲ್ಲಿ ಹೊತ್ತು ತಪ್ಪಿರಬೇಕು ಎಂದುಕೊಂಡು ಮುದ್ದೆ ಉಂಡು ಮಲಗಿದಳು. ಎದ್ದಾಗಲೂ ಕತ್ತಲು. ಇನ್ನೊಂದು ನಿದ್ದೆ ತೆಗೆದಳು. ಆಗಲೂ ಕತ್ತಲು. ಮೂರನೆಯ ಸಲ ಎದ್ದು ಕಿಟಕಿ ಹತ್ತಿರ ನಿಂತವಳ ಬೆನ್ನ ಹಿಂದೆ ಕನಕರಾಜು ಕೈ ಹಿಸುಕಿಕೊಳ್ಳುತ್ತಾ ಬಂದ.

"ಅಳಿಮಯ್ಯ, ಇನ್ನೂ ಬೆಳಗಾಗ್ನಿಲ್ವಾ?"

"ಅದು... ಒಸಿ ತಡವಾಯ್ತದೆ ಅತ್ತೆ."

"ಎಷ್ಟೊತ್ಗೆ?"

"ಸಂಕ್ರಾಂತಿ ಕಳೀಲಿ," ಎಂದ ಕನಕರಾಜು.

ಅಳಿಯ ಎಂದೂ ಹುಡುಗಾಟ ಆಡಿದವನಲ್ಲ. ಬೀರಮ್ಮ ಅವನ ಮುಖ ನೋಡಿದಳು, ಕಿಟಕಿ ನೋಡಿದಳು, ಕೈಯಲ್ಲಿದ್ದ ಹೊಸ ಪೊರಕೆ ನೋಡಿದಳು. ಆಮೇಲೆ ಪೊರಕೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಅದರ ಪಕ್ಕದಲ್ಲೇ ತಾನೂ ಕೂತಳು.

ನಡುಹಗಲು ಒಂದೆರಡು ಗಂಟೆ ಆಕಾಶ ನೀಲಿಗಟ್ಟಿ ಸ್ವಲ್ಪ ಬೆಳಕು ಕಾಣುತ್ತಿತ್ತು ನಿಜ. ಅದನ್ನೇ ಹಗಲು ಎಂದುಕೋ ಎಂದು ಉಮ ಬೇಡಿಕೊಂಡಳು. "ಸೂರಪ್ಪ ಎಲ್ಲವ್ನೆ ತೋರ್ಸು. ಹಸ ಇಲ್ದೆ ಆಲು ಬಂತು ಅಂದ್ರೆ ನಂಬಕ್ಕೆ ನಾನೇನು ನಿನ್ನೆ ಉಟ್ದೋಳಾ?" ಎಂದು ಬೀರಮ್ಮ ತಳ್ಳಿಹಾಕಿದಳು. ಬೀದಿಯಲ್ಲಿ ದೀಪ ಉರಿಯುತ್ತಿದೆ, ಎದುರು ಮನೆಗಳ ಕಿಟಕಿಯಲ್ಲೆಲ್ಲ ದೀಪ ಇಟ್ಟಿದ್ದಾರೆ, ತನ್ನ ಮಗಳ ಮನೆಯಲ್ಲೂ ದೀಪ ಹತ್ತಿದೆ. ಅಂದ ಮೇಲೆ ಇದು ದೀಪ ಹಚ್ಚಿದ ಮೇಲಿನ ಹೊತ್ತು. ಇದರಲ್ಲಿ ವಾದವೇ ಇಲ್ಲ. ಹೀಗಾಗಿ ಅವಳು ಕಸ ಗುಡಿಸಲಿಲ್ಲ, ತಲೆ ಬಾಚಲಿಲ್ಲ, ಉಗುರು ತೆಗೆಯಲಿಲ್ಲ. ಸದಾ ಒಪ್ಪವಾಗಿ ತುರುಬು ಕಟ್ಟುತ್ತಿದ್ದವಳು ಒಂದೇ ವಾರದಲ್ಲಿ ಮುಡಿ ಕೊಡಲು ಹೊರಟ ಹರಕೆಯವಳ ಹಾಗೆ ಕಾಣತೊಡಗಿದಳು.

ಮೂಲೆಯಲ್ಲಿ ಕಸ ಸೇರಿದ್ದು ನೋಡಲಾರದೆ ಉಮ ಒಂದು ದಿನ, ಹೊಟ್ಟೆ ಹೊತ್ತುಕೊಂಡೇ, ಕಸ ಎಳೆಯುವ ಮಿಷನ್ ತೆಗೆದಳು. ಬೀರಮ್ಮ ಅಡ್ಡ ನಿಂತಳು.

"ಇದು ಗುಡ್ಸದಲ್ಲ ಅವ್ವ, ಬರೀ ಎಳ್ಕತದೆ. ಕಸ ಮನೆಯಿಂದಾಚೆ ಓಗಕಿಲ್ಲ, ಈ ಚೀಲದೊಳ್ಗೇ ಇರ್ತದೆ. ಲಕ್ಸ್ಮಿನೂ ಇಲ್ಲೇ ಇರ್ತಾಳೆ, ಚೀಲದಲ್ಲಿ."

ತಾಯಿ ಚಾಪೆ ಕೆಳಗೆ ತೂರಿದರೆ ಮಗಳು ರಂಗೋಲಿ ಕೆಳಗೆ ತೂರುವವಳು. ಬೀರಮ್ಮ ಬಹಳ ಹೊತ್ತು ಯೋಚಿಸಿ ಒಪ್ಪಿದಳು, ಸೂರ್ಯ ಬರುವವರೆಗೆ ಯಾವ ಚೀಲವನ್ನೂ ಆಚೆ ಎಸೆಯಕೂಡದು ಎಂಬ ಕರಾರಿನ ಮೇಲೆ. ಅಂದಿನಿಂದ ತುಂಬಿದ ಚೀಲಗಳು ಮಂಚದ ಕೆಳಗೆ ಸೇರತೊಡಗಿದವು.

ಮಗಳನ್ನು ಮಣಿಸಿದಷ್ಟು ಸುಲಭವಾಗಿ ಪಕ್ಕದ ಮನೆಯನ್ನು ಮಣಿಸಲಾಗಲಿಲ್ಲ. ಪಕ್ಕದಲ್ಲಿ ಗುನ್‌ವೋರ್ ಎಂಬ ಒಂಟಿ ಅಜ್ಜಿ ಇದ್ದಳು. ಅವಳ ಹೆಸರು ಬೀರಮ್ಮನ ಬಾಯಲ್ಲಿ ಮೊದಲ ದಿನವೇ ಗುಂಡಮ್ಮ ಆಯಿತು. ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಗುಂಡಮ್ಮ ಒಂದು ಬಟ್ಟಲು ಹಿಡಿದು ಬಂದಳು. ಒಲೆಯ ಮೇಲೆ ಮೀನು ಬೇಯುತ್ತಿದೆ, ಉಪ್ಪು ಮುಗಿದಿದೆ, ಆಚೆ ಹಿಮದ ಗಾಳಿ ಬೀಸುತ್ತಿದೆ, ಅಂಗಡಿಗೆ ಹೋಗಲಾಗದು, ಒಂದು ಹಿಡಿ ಉಪ್ಪು ಬೇಕು. ಉಮ ಎದ್ದು ಹೋಗುವಷ್ಟರಲ್ಲಿ ಬೀರಮ್ಮ ಉಪ್ಪಿನ ಡಬ್ಬವನ್ನು ಸೆರಗಿನಡಿ ಮಡಗಿಕೊಂಡಿದ್ದಳು.

"ಅವ್ವ, ಬೆಳಗ್ಗೆ ಅನ್ನೊಂದು ಗಂಟೆ!"

"ದೀಪ ಅಚ್ಚೈತೆ ಕಣವ್ವ. ಬೇಕಾದ್ರೆ ಕಾಪಿ ಕುಡ್ಕೊಂಡ್ ಓಗಾಕೇಳು."

ಉಮ ನಾಚಿಕೆಯಿಂದ ಏನೋ ಸುಳ್ಳು ಹೇಳಿ ಕಳಿಸಿದಳು. ಗುಂಡಮ್ಮ ಸೆರಗಿನಡಿಯ ಡಬ್ಬವನ್ನು ನೋಡಿಯೂ ನೋಡದವಳ ಹಾಗೆ ಕಾಫಿ ಕುಡಿದು, ಖಾಲಿ ಬಟ್ಟಲು ಹಿಡಿದು ಹೋದಳು.

ಅದಾದ ಎರಡು ದಿನಕ್ಕೆ ಉಮಳಿಗೆ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು. ಹೆಣ್ಣು ಕೂಸು. ಸಹನ ಎಂದು ಗಂಡ ಹೆಂಡತಿ ಮೊದಲೇ ಹೆಸರು ಆರಿಸಿಟ್ಟಿದ್ದರು. ಆದರೆ ಹೇಳುವ ಹಾಗಿಲ್ಲ, ಏಕೆಂದರೆ ಬಿಸಿಲು ಕಂಡಿಲ್ಲ. ಕನಕರಾಜು ಒಮ್ಮೆ ಬಾಯಿ ತಪ್ಪಿ "ಸಹ" ಎನ್ನುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟಳು, ಅವನು "ಸಾಯಂಕಾಲ ಆಯ್ತಲ್ವಾ" ಎಂದು ತಿರುಗಿಸಿಕೊಂಡ. ಸಾಯಂಕಾಲ ಆಗಿ ಎಷ್ಟೋ ವಾರವಾಗಿತ್ತು. ನಾಗಮಂಗಲದಿಂದ ಅವನ ತಾಯಿ ದಿನಾ ಫೋನು ಮಾಡಿ "ಎಸ್ರು ಮಡಗಿದ್ರಾ?" ಎಂದು ಕೇಳುವಳು. "ಸೂರ್ಯ ಬರ್ಲಿ ಕಣವ್ವ" ಎನ್ನುವನು. ಆ ತಾಯಿ, ಸೂರ್ಯ ಎಂದರೆ ಯಾರೋ ದೊಡ್ಡ ಪುರೋಹಿತರಿರಬೇಕು, ಇಷ್ಟು ಕಾಯಿಸುತ್ತಿದ್ದಾರೆ ಎಂದುಕೊಂಡಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅಜ್ಜಿಗೂ ಸೂರ್ಯನಿಗೂ ಜಗಳ ಬಿದ್ದು ಕೂಸು ಬರಿ ಪಾಪು ಆಗಿಯೇ ಉಳಿಯಿತು.

ಕೂಸಿಗೆ ನೀರೆರೆಯುವುದನ್ನು ಕತ್ತಲೆಂದು ನಿಲ್ಲಿಸುವಂತಿಲ್ಲ. ಆದರೆ ಎಷ್ಟು ಹೊತ್ತಿಗೆ ಎರೆಯುವುದು? ಬೀರಮ್ಮ ಗಡಿಯಾರ ನೋಡಿ ಬದುಕಿದವಳಲ್ಲ. ಆಗ ಅವಳಿಗೊಂದು ಉಪಾಯ ಹೊಳೆಯಿತು. ಇಲ್ಲಿ ಸೂರ್ಯನಿಲ್ಲದಿದ್ದರೆ ಬೆಳಗೊಳದಲ್ಲಿ ಇದ್ದಾನಲ್ಲ! ಅವಳು ಗಂಡ ಕರಿಯಯ್ಯನಿಗೆ ಫೋನು ಮಾಡಿಸಿದಳು.

"ಉಮನಪ್ಪಾ, ಒತ್ತುಟ್ದೇಟ್ಗೆ ತಾರಸಿ ಮ್ಯಾಕ್ ಅತ್ತಿ ಪೋನಲ್ಲಿ ಸೂರಪ್ಪನ್ನ ತೋರ್ಸಿ. ದಿನಾ ತೋರುಸ್ಬೇಕು."

"ನಿಂಗೇನ್ ತಲೆ ಕೆಟ್ಟದಾಮ್ಮಿ?" ಎಂದ ಕರಿಯಯ್ಯ. ಆದರೂ ತೋರಿಸಿದ. ನಲವತ್ತು ವರ್ಷದ ಸಂಸಾರದಲ್ಲಿ ಬೀರಮ್ಮನ ಮಾತು ಮೀರಿ ಅವನು ಸುಖಪಟ್ಟದ್ದಿರಲಿಲ್ಲ.

ಬೆಳಗೊಳದಲ್ಲಿ ಹೊತ್ತು ಹುಟ್ಟುವಾಗ ಆ ಊರಿನಲ್ಲಿ ನಡುರಾತ್ರಿ ಎರಡು ದಾಟಿರುತ್ತದೆ. ಕರಿಯಯ್ಯನ ಫೋನಿನಲ್ಲಿ ಕೆಂಪಗೆ ಸೂರ್ಯ ಕಂಡ ತಕ್ಷಣ ಬೀರಮ್ಮ ಎದ್ದು ಪೊರಕೆ ಹಿಡಿಯುವಳು, ತಲೆ ಬಾಚುವಳು, ಬಾಣಂತಿಯನ್ನು ಎಬ್ಬಿಸಿ ನೀರೆರೆಯುವಳು. ಆಮೇಲೆ ಕೂಸು. ನೀರು ಬಿದ್ದ ಕೂಸು ಮನೆಯೆಲ್ಲ ಒಂದಾಗುವಂತೆ ಕೂಗುವುದು. ಬೆಳಗಿನ ಪಾಳಿಗೆ ಹೋಗಬೇಕಾದ ಕನಕರಾಜು ದಿಂಬನ್ನು ಕಿವಿಗೆ ಒತ್ತಿಕೊಂಡು ತೆಂಗಿನಕಾಯಿ ಟೆಂಪೋ ನೆನೆಸಿಕೊಂಡು ಅಳುವನು. ಆ ಹೊತ್ತಿಗೆ ಬೀರಮ್ಮ ಒಗ್ಗರಣೆ ಹಾಕಿಬಿಟ್ಟಿರುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ, ಬೆಳಗೊಳದಲ್ಲಿ ಹೊತ್ತು ಮುಳುಗಿತೆಂದು, ಎಲ್ಲರನ್ನೂ ಸುಮ್ಮನಿರಿಸಿ ದೀಪ ಹಚ್ಚುವಳು. ಆದರೆ ಫೋನಿನ ಸೂರ್ಯ ಮನೆಯೊಳಗಿನ ಕೆಲಸಕ್ಕೆ ಮಾತ್ರ, ಹೊಸಲು ದಾಟಿಸುವುದಕ್ಕೂ ಕೂಸಿನ ಹೆಸರಿಗೂ ಇಲ್ಲಿಯ ಸೂರ್ಯನೇ ಬರಬೇಕು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡ ಮುದುಕಿಯ ಮಾತನ್ನು ಎಲ್ಲರೂ ಕೇಳಿದ್ದೇವೆ. ಕೋಳಿಯನ್ನು ಬೆಳಗೊಳದಲ್ಲಿ ಕೂಗಿಸಿ ನಾರ್ವೆಯಲ್ಲಿ ಬೆಳಗು ಮಾಡಿದವಳು ಬೀರಮ್ಮ ಒಬ್ಬಳೇ.

ಈ ಪಾಡು ಹತ್ತು ಹದಿನೈದು ದಿನ ನಡೆಯಿತು. ಮೊದಲು ಸೋತವರು ಕನಕರಾಜನೂ ಅಲ್ಲ, ಬಾಣಂತಿಯೂ ಅಲ್ಲ. ಒಂದು ದಿನ ಕರಿಯಯ್ಯ ಸೂರ್ಯನನ್ನು ತೋರಿಸುತ್ತಾ ನಿಂತೇ ಇದ್ದ, ಇತ್ತ ಬೀರಮ್ಮ ಫೋನು ಎತ್ತಲಿಲ್ಲ.

ಉಮ ಬಂದು ನೋಡಿದಾಗ ಅವಳು ರಗ್ಗು ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದಳು.

"ಯಾಕವ್ವ, ಏಳಕಿಲ್ವಾ?"

"ಬೆಳಗಾಗ್ಲಿ, ಏಳ್ತೀನಿ."

ಅವಳು ಏಳಲಿಲ್ಲ. ಅಂದೂ ಏಳಲಿಲ್ಲ, ಮರುದಿನವೂ ಏಳಲಿಲ್ಲ. ಮುದ್ದೆ ಸೇರಲಿಲ್ಲ. ಫೋನಿನಲ್ಲಿ ಮನೆಯ ಹುಂಜ ಕಂಡದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಆ ಹುಂಜವನ್ನು ದಿನಾ ಬೈಯುತ್ತಿದ್ದವಳು ಅವಳೇ. ತನಗೆ ಏನಾಗಿದೆ ಎಂದು ಅವಳಿಗೇ ತಿಳಿಯದು. ಜ್ವರವಿಲ್ಲ, ನೋವಿಲ್ಲ, ಎದೆಯೊಳಗೆ ಮಾತ್ರ ಯಾರೋ ಒದ್ದೆ ಗೋಣಿಚೀಲ ಹೇರಿದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ ಅವಳನ್ನು ಕೊಂದಿತು. ಊರ ಬಾಣಂತನವನ್ನೆಲ್ಲ ಗೆದ್ದು ಸ್ವಂತ ಮಗಳ ಬಾಣಂತನದಲ್ಲಿ ಸೋತು ಮಲಗಿದ್ದೇನೆ, ಮೊಮ್ಮಗಳಿಗೆ ಒಂದು ಹಿಡಿ ಬಿಸಿಲು ತೋರಿಸುವ ಯೋಗ್ಯತೆ ನನಗಿಲ್ಲ ಎಂದು ಕೊರಗಿದಳು. ಕೊನೆಗೆ ಮಗನಿಗೆ ಫೋನು ಮಾಡಿ, "ಟಿಕೀಟು ಮಾಡ್ಸು ಕಣ್ ಮಗ, ನಾ ಇಲ್ಲೇ ಸತ್ತೋಯ್ತೀನಿ" ಎಂದಳು. ಶಶಿ ಅಕ್ಕನನ್ನು ಕೇಳಿ, ಸೂರ್ಯ ಬರಬೇಕಾದ ದಿನ ಯಾವುದೆಂದು ತಿಳಿದು, ಕೂಸಿನ ಶಾಸ್ತ್ರವೂ ಮುಗಿಯಲಿ ಎಂದು ಅದರ ಮಾರನೆಯ ದಿನಕ್ಕೇ ಟಿಕೆಟ್ಟು ಮಾಡಿಸಿದ.

ಆಮೇಲೆ ಆದದ್ದು ಬೆಳಗೊಳದಲ್ಲಿ ಯಾರಿಗೂ ಹೇಳುವಂಥದ್ದಲ್ಲ. ಬಾಣಂತನ ಮಾಡಲು ಬಂದವಳಿಗೆ ಬಾಣಂತಿಯೇ ಬಾಣಂತನ ಮಾಡಿದಳು. ಉಮ ತಾಯಿಯನ್ನು ಎಬ್ಬಿಸಿ ನೆತ್ತಿಗೆ ಎಣ್ಣೆ ಒತ್ತಿದಳು, ನೀರೆರೆದಳು, ಮೆಣಸಿನ ಸಾರು ಕುಡಿಸಿದಳು. ಗಂಟು ಬಿದ್ದ ಕೂದಲನ್ನು ಎಳೆಎಳೆಯಾಗಿ ಬಿಡಿಸಿದಳು. "ಬಾಚಣಿಗೆ ಮುಟ್ಟಿಲ್ಲ ಅವ್ವ, ಬರೀ ಬೆರಳು" ಎಂದು ಮೊದಲೇ ಹೇಳಿಬಿಟ್ಟಳು. ಊಟದ ತಟ್ಟೆಯಷ್ಟು ಅಗಲದ ಒಂದು ಬಿಳಿ ದೀಪ ತಂದು ದಿನಾ ಬೆಳಗ್ಗೆ ಅರ್ಧ ಗಂಟೆ ಅದರ ಮುಂದೆ ಕೂರಿಸಿದಳು. ಇಲ್ಲಿನವರೆಲ್ಲ ಕತ್ತಲ ತಿಂಗಳಲ್ಲಿ ಹೀಗೆ ಕೂರುತ್ತಾರಂತೆ. "ಸುಳ್ ಸೂರಪ್ಪ" ಎಂದು ಮೂಗು ಮುರಿದ ಬೀರಮ್ಮ ಮೂರನೆಯ ದಿನಕ್ಕೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅದಕ್ಕೊಂದು ಕೈ ಮುಗಿದಳು.

ಹಾಗೆ ದೀಪದ ಮುಂದೆ ಕೂತಿದ್ದಾಗಲೇ ಒಂದು ದಿನ ಉಮ ಹೇಳಿದಳು.

"ನಂಗೂ ಇಂಗೇ ಆಗಿತ್ತು ಅವ್ವ. ಮೊದ್ಲೆ ವರ್ಸ."

"ಪೋನಲ್ಲಿ ದಿನಾ ಚೆನ್ನಾಗಿವ್ನಿ ಅಂತಿದ್ದಲ್ಲವ್ವ?"

"ಅನ್ತಿದ್ದೆ. ಪೋನ್ ಮಡಗ್ಬುಟ್ಟು ಮೆಟ್ಲ ಮ್ಯಾಲೆ ಕೂತ್ಕೊಂಡು ಅಳ್ತಿದ್ದೆ. ಇವ್ರಿನ್ನೂ ಊರಿಂದ ಬಂದಿರ್ನಿಲ್ಲ. ಒಂದಿನ ಪಕ್ಕದ ಮನೆ ಅಜ್ಜಿ ನೋಡ್ಬುಡ್ತು. ಏನೂ ಕೇಳ್ನಿಲ್ಲ. ಕೋಟು ತಂದು ತೊಡುಸ್ತು, ಕೈ ಇಡ್ಕೊಂಡು ಕತ್ಲಲ್ಲೇ ನಡೆಸ್ಕೊಂಡ್ ಓಯ್ತು. ಆ ಚಳಿಗಾಲ ಪೂರ್ತಿ, ದಿನಾ. ಒಂದಿನಾನೂ ತಪ್ಪುಸ್ನಿಲ್ಲ."

"ಯಾವ ಅಜ್ಜಿ?" ಎಂದಳು ಬೀರಮ್ಮ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ಗುಂಡಜ್ಜಿ."

ಬೀರಮ್ಮನಿಗೆ ಅಂದಿನ ಖಾಲಿ ಬಟ್ಟಲು ನೆನಪಾಯಿತು. ತನ್ನ ಮಗಳು ಮೆಟ್ಟಿಲ ಮೇಲೆ ಒಂಟಿಯಾಗಿ ಅಳುತ್ತಿದ್ದಾಗ ಕೈಹಿಡಿದು ಎಬ್ಬಿಸಿದವಳು ಒಂದು ಹಿಡಿ ಉಪ್ಪು ಕೇಳಿಕೊಂಡು ಬಂದಿದ್ದಳು. ತಾನು ಡಬ್ಬವನ್ನು ಸೆರಗಿನಲ್ಲಿ ಮುಚ್ಚಿದ್ದಳು.

ಆದರೆ ಏನು ಮಾಡುವುದು, ಕಾನೂನು ಕಾನೂನೇ. ಸೂರ್ಯ ಬರುವವರೆಗೆ ಉಪ್ಪು ಹೊಸಲು ದಾಟುವ ಹಾಗಿಲ್ಲ. ಕತ್ತಲಲ್ಲಿ ಕೊಟ್ಟರೆ ಹೋಗುವುದು ತನ್ನ ಮನೆಯ ಲಕ್ಷ್ಮಿಯಲ್ಲ, ಮಗಳ ಮನೆಯ ಲಕ್ಷ್ಮಿ. ಅದಕ್ಕೂ ದಾರಿ ತೋರಿಸಿದವಳು ಉಮಳೇ. "ಉಪ್ಪು ಕೊಡ್ಬಾರ್ದು ಅವ್ವ, ಸಾರು ಕೊಡ್ಬೌದು. ಸಾರಲ್ಲಿ ಉಪ್ಪಿರ್ತದೆ."

ಅಂದೇ ಬೀರಮ್ಮ ಹಾಸಿಗೆ ಬಿಟ್ಟು ಎದ್ದಳು. ಕನಕರಾಜು ತಂದ ಮೀನಿನಲ್ಲಿ ಹುಳಿಸಾರು ಮಾಡಿ, ಅದಕ್ಕೆ ಬೇಕಾದ ಉಪ್ಪನ್ನೂ, ಅದರ ಮೇಲೆ ಸಾಲದ ಬಾಬ್ತಿನ ಇನ್ನೊಂದು ಹಿಡಿ ಉಪ್ಪನ್ನೂ ಹಾಕಿ, ತಾನೇ ಪಕ್ಕದ ಬಾಗಿಲಿಗೆ ಹೋದಳು. ಗುಂಡಮ್ಮ ಒಂದು ಚಮಚ ಬಾಯಿಗಿಟ್ಟಳು. ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ತಲೆಯಾಡಿಸಿದಳು. ಎಷ್ಟು ಇಷ್ಟಪಟ್ಟಳು ಎಂದುಕೊಂಡು ಬೀರಮ್ಮ ಮಾರನೆಯ ದಿನವೂ ಒಯ್ದಳು. ಆಮೇಲೆ ದಿನಾ ಒಯ್ದಳು. ಗುಂಡಮ್ಮ ಸುಮ್ಮನಿರುವವಳಲ್ಲ, ಬಟ್ಟಲು ವಾಪಸ್ಸು ಕೊಡುವಾಗ ಬೀರಮ್ಮನಿಗೊಂದು ಉಣ್ಣೆಯ ಟೋಪಿ ಹಾಕಿ, ಕೋಟು ತೊಡಿಸಿ, ಕೈಹಿಡಿದು ಆಚೆ ನಡೆಸತೊಡಗಿದಳು. ಒಬ್ಬಳದು ಬೆಳಗೊಳದ ಕನ್ನಡ, ಇನ್ನೊಬ್ಬಳದು ಆ ಸೀಮೆಯ ಮಾತು. ಸೀರೆಯ ಮೇಲೆ ಕೋಟು ಹಾಕಿದ ಬೀರಮ್ಮ ಹಿಮದಲ್ಲಿ ಜಾರುವಾಗ "ಅಯ್ಯಯ್ಯೋ ಗುಂಡಮ್ಮೋ" ಎನ್ನುವಳು, ಗುಂಡಮ್ಮ ಹಿಡಿದು ನಗುವಳು. ನಾಲೆಯ ಏರಿ ಮೇಲೆ ನಡೆದವಳಿಗೆ ಸಮುದ್ರದ ದಂಡೆ ಹೊಸದಾದರೂ ನಡಿಗೆ ಹಳೆಯದೇ. ನಾಲ್ಕು ದಿನದಲ್ಲಿ ಮುದ್ದೆ ಸೇರತೊಡಗಿತು.

ಸಂಕ್ರಾಂತಿ ಬಂತು. ಕರಿಯಯ್ಯ ಫೋನಿನಲ್ಲಿ ಕಿಚ್ಚು ಹಾಯಿಸುವುದನ್ನು ತೋರಿಸಿ, "ಉತ್ರಾಯಣ ಶುರುವಾಯ್ತು ಕಣಮ್ಮಿ. ಇಲ್ಲಿಂದ ಒಂಟವ್ನೆ, ದಾರೀಲವ್ನೆ, ಬತ್ತಾನೆ" ಎಂದ. ಬೀರಮ್ಮ ಎಳ್ಳು ಬೆಲ್ಲವನ್ನು ಡಬ್ಬದಲ್ಲಿ ಮುಚ್ಚಿಟ್ಟಳು. ಸೂರ್ಯನಿಲ್ಲದ ಸಂಕ್ರಾಂತಿಗೆ ಎಳ್ಳು ಬೀರುವುದು ಹೇಗೆ?

ಕಡೆಗೂ ಸೂರ್ಯ ಬರುವ ದಿನ ಬಂತು. 'ಸೂರ್ಯನ ದಿನ' ಎಂದು ಆ ಊರಿಗೆ ಊರೇ ಹಬ್ಬ ಮಾಡುತ್ತದೆ, ಸಿಹಿ ಬನ್ನು ತಿನ್ನುತ್ತದೆ. ಬೀರಮ್ಮ ಕೂಸಿಗೆ ನೀರೆರೆದು, ಹೊಸ ಅಂಗಿ ತೊಡಿಸಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಐದು ಸುತ್ತು ಬಟ್ಟೆ ಸುತ್ತಿ ಎಲ್ಲರ ಜೊತೆ ಗುಡ್ಡದ ಕಡೆ ಮುಖ ಮಾಡಿ ನಿಂತಳು. ಮೋಡ ಮುಚ್ಚಿತ್ತು. ನಿಂತೇ ಇದ್ದರು. ಮೋಡ ಅಲುಗಲಿಲ್ಲ. ಬನ್ನು ತಿಂದು ಜನ ಮನೆಗೆ ಹೋದರು.

ಮಾರನೆಯ ದಿನ ವಿಮಾನ. ಬೀರಮ್ಮ ಬಟ್ಟೆ ಕಟ್ಟಿದಳು. ಅವಳಿಗೆ ಹೋಗುವ ಮನಸ್ಸಿರಲಿಲ್ಲ, ಆದರೆ ಸಾಯುತ್ತೇನೆಂದು ಅತ್ತು ತರಿಸಿಕೊಂಡ ಟಿಕೆಟ್ಟನ್ನು ಬೇಡ ಎನ್ನುವುದು ಯಾವ ಬಾಯಲ್ಲಿ? ಉಮಳಿಗೂ ಇರು ಎನ್ನುವ ಆಸೆ. ಆದರೆ ತಾಯಿ ಪಟ್ಟ ಪಾಡು ನೋಡಿದವಳು, ಮತ್ತೆ ಕಷ್ಟಕ್ಕೆ ನೂಕಲೇ ಎಂದು ತುಟಿ ಕಚ್ಚಿದಳು. ಕನಕರಾಜನ ಹಳೇ ಕಾರಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ತಮ್ಮ ತಮ್ಮ ಕಿಟಕಿಯಾಚೆ ಕಣ್ಣು ನೆಟ್ಟಿದ್ದರು. ಕೂಸು ಬೀರಮ್ಮನ ತೊಡೆಯ ಮೇಲೆ, ಹೆಸರಿಲ್ಲದೆ, ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಮನೆ ಬಿಟ್ಟು ಎರಡು ತಿರುವು ದಾಟಿದ್ದರಷ್ಟೆ. ಕಡಲ ಆಚೆ, ಎರಡು ಗುಡ್ಡಗಳ ಸಂದಿನಲ್ಲಿ ಮೋಡ ಸರಿಯಿತು. ಅಲ್ಲಿ ಸೂರ್ಯ ಇದ್ದ. ಪೂರ್ತಿಯೂ ಅಲ್ಲ, ದುಂಡನೆಯ ಅಂಚು ಮಾತ್ರ. ಆದರೂ ಹಿಮವೆಲ್ಲ ಒಮ್ಮೆಲೇ ಅರಿಶಿನವಾಯಿತು.

"ನಿಲ್ಸಿ ಅಳಿಮಯ್ಯ! ನಿಲ್ಸಿ!"

ಕನಕರಾಜು ನಿಲ್ಲಿಸುವ ಮೊದಲೇ ಬೀರಮ್ಮ ಬಾಗಿಲು ತೆಗೆದಿದ್ದಳು. ಮೊಣಕಾಲವರೆಗೆ ಹಿಮದಲ್ಲಿ ಹೂತು ನಿಂತು, ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿ, ಎರಡು ಕೈಯಲ್ಲಿ ಎತ್ತಿ ಹಿಡಿದಳು. ಕೂಸು ಹುಟ್ಟಿದ ಮೇಲೆ ಮೊದಲ ಸಲ ಬಿಸಿಲಿಗೆ ಕಣ್ಣು ಕಿವುಚಿ, ಸೀನಿತು. ಒಂಟಿ ಸೀನು! ಉಮ ಕನಕರಾಜು ಇಬ್ಬರೂ ಗಾಬರಿಯಿಂದ ಬೀರಮ್ಮನನ್ನು ನೋಡಿದರು. ಬೀರಮ್ಮ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ಧಾರೆಯಾಗಿ ನೀರು ಹರಿಯುತ್ತಿತ್ತು.

"ನೋಡಪ್ಪಾ ಸೂರಪ್ಪ, ನಮ್ದೊಂದು ಕೂಸು ಬಂದೈತೆ," ಎಂದಳು. "ಇಷ್ಟೊತ್ತು ಎಲ್ಲೋಗಿದ್ದೆ ನನ್ನಪ್ಪ? ಕಾಯ್ಕೊಂಡಿರು."

ಉಮ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಇಷ್ಟು ದಿನ ನುಂಗಿಕೊಂಡಿದ್ದ ಕನಕರಾಜು ರಸ್ತೆಗೆಲ್ಲ ಕೇಳುವಂತೆ "ಸಹನಾ!" ಎಂದು ಕೂಗಿದ. ಆಮೇಲೆ ಗಡಿಯಾರ ನೋಡಿ, "ಬೇಗ ಅತ್ತಿ ಅತ್ತೆ, ವಿಮಾನ ತಪ್ಪೋಯ್ತದೆ" ಎಂದ.

ಬೀರಮ್ಮ ಕಾರು ಹತ್ತಿದಳು. "ಗಾಡಿ ತಿರುಗ್ಸಿ."

"ಏನ್ ಮರ್ತ್‌ಬುಟ್ರಿ?"

"ಉಪ್ಪು. ಆವಯ್ಯ ಮುಳುಗೋದ್ರೊಳ್ಗೆ ಉಪ್ಪು ಕೊಡ್ಬೇಕು. ಓಡ್ಸಿ ಅಳಿಮಯ್ಯ!"

ನಾಗಮಂಗಲದಿಂದ ಸಂತೆಗೆ ಟೆಂಪೋ ಓಡಿಸಿದ್ದ ಕಾಲಿನ ಕಸುಬು ಆ ದಿನ ಉಪಯೋಗಕ್ಕೆ ಬಂತು. ಮನೆ ಮುಂದೆ ಇಳಿದವಳೇ ಬೀರಮ್ಮ ಒಳಗೆ ನುಗ್ಗಿ, ಬಿಚ್ಚದ ಒಂದು ಪ್ಯಾಕೆಟ್ಟು ಉಪ್ಪನ್ನೂ ಎಳ್ಳು ಬೆಲ್ಲದ ಡಬ್ಬವನ್ನೂ ಹಿಡಿದು ಪಕ್ಕದ ಬಾಗಿಲು ಬಡಿದಳು. ಗುಂಡಮ್ಮ ಬಾಗಿಲು ತೆರೆದಳು. ಕೆಂಪು ಬಿಸಿಲು ಇನ್ನೂ ಅವಳ ಗೋಡೆಯ ಮೇಲಿತ್ತು. ಬೀರಮ್ಮ ಆ ಬಿಸಿಲಿನಲ್ಲಿಯೇ ಉಪ್ಪನ್ನೂ ಎಳ್ಳು ಬೆಲ್ಲವನ್ನೂ ಅವಳ ಎರಡೂ ಕೈಗೆ ಇಟ್ಟು, ಆ ಕೈಗಳನ್ನು ಹಿಡಿದುಕೊಂಡೇ ನಿಂತಳು. "ನನ್ ಮಗೀನ ಕೈ ಇಡ್ದೆ ನನ್ನವ್ವ" ಎಂದಳು.

ಗುಂಡಮ್ಮ ಪ್ಯಾಕೆಟ್ಟು ನೋಡಿದಳು, ಬೀರಮ್ಮನನ್ನು ನೋಡಿದಳು, ಮುಖ ಸಪ್ಪಗಾಯಿತು. ಉಮಳ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದಳು. ಉಮ ಬಾಯಿಗೆ ಕೈ ಒತ್ತಿಕೊಂಡಳು.

"ಏನಂತೆ?"

"ಈ ಉಪ್ನೂ ಆ ಸಾರಿಗೇ ಆಕ್ಕೊಬೇಕಾ ಅಂತ ಕೇಳ್ತಾವ್ರೆ."

ಬೀರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನಕ್ಕದ್ದನ್ನು ಆ ಬೀದಿಯವರೆಲ್ಲ ಕೇಳಿದರು. ಬೆಳಗೊಳ ಬಿಟ್ಟ ಮೇಲೆ ಅವಳು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಕರಿಯಯ್ಯನ ಫೋನು ಬಂತು. ಅಲ್ಲಿ ಇನ್ನೂ ಸಂಜೆ ಬಿಸಿಲು, ಅವನು ತಾರಸಿ ಮೇಲೆ ನಿಂತಿದ್ದ. "ಇಮಾನ ಅತ್ತಿದ್ಯಾಮ್ಮಿ?"

"ಇಲ್ಲ ಕಣ್ರಪ್ಪ. ಟಿಕೀಟು ಮುಂದುಕ್ಕೆ ಆಕ್ಸಾಕೆ ಶಶಿಗೇಳಿ. ಕೂಸ್ಗೆ ನಾಳಿಂದ ಬಿಸಿಲು ಕಾಯಿಸ್ಬೇಕು. ಈಗ ತಾನೆ ಬಾಣಂತನ ಶುರುವಾಗದೆ."

"ಅಂಗಾರೆ ನಾ ತಾರಸಿ ಅತ್ತದು ಬುಡ್ಲಾ?"

"ಬುಡಿ ಅತ್ಲಾಗೆ. ಇಲ್ಗೇ ಬಂದವ್ನೆ."

ಫೋನು ಮಡಗಿ ಅವಳು ಮನೆಗೆ ಓಡಿದಳು. ಮಂಚದ ಕೆಳಗಿನ ಕಸದ ಚೀಲಗಳನ್ನೆಲ್ಲ ಎಳೆದು ಸಾಲಾಗಿ ಇಟ್ಟು, ಸೆರಗು ಸಿಕ್ಕಿಸಿ, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ತಲೆಯೆತ್ತಿದಾಗ ಗೋಡೆಯ ಮೇಲಿನ ಬಿಸಿಲು ಹೋಗಿತ್ತು. ಕನಕರಾಜು ಆಗಲೇ ದೀಪದ ಸ್ವಿಚ್ಚು ಹಾಕಿದ್ದ.

ಬೀರಮ್ಮ ಚೀಲಗಳನ್ನು ಒಂದೊಂದಾಗಿ ಮತ್ತೆ ಮಂಚದ ಕೆಳಗೆ ನೂಕಿದಳು. ಪೊರಕೆಯನ್ನು ಅದರ ಮೂಲೆಯಲ್ಲಿ ಒರಗಿಸಿದಳು.

"ನಾಳೀಕೆ ಒಸಿ ಎಚ್ಗೆ ಒತ್ತು ಇರ್ತಾನೆ," ಎಂದಳು.